ಎರಡನೇ ಸಲ ಬಿಗಿದ ದವಡೆ

ಉತ್ತರಹಳ್ಳಿಯಿಂದ ಸುಬ್ರಹ್ಮಣ್ಯಪುರದ ಕಡೆ ಹೋಗುವ ರಸ್ತೆಯಲ್ಲಿ ತಿಮ್ಮರಾಯಪ್ಪನ ಅಂಗಡಿಯಿದೆ. ಅದಕ್ಕೆ ಬೋರ್ಡಿಲ್ಲ, ಬೋರ್ಡಿನ ಅಗತ್ಯವೂ ಇಲ್ಲ. ಜಯನಗರ, ಯಡಿಯೂರು, ಬನಶಂಕರಿ ಕಡೆ ಕೆಡವಿದ ಮನೆಗಳ ಬಾಗಿಲು, ಕಿಟಕಿ, ಚೌಕಟ್ಟುಗಳು ತಗಡಿನ ಚಾವಣಿಯ ಕೆಳಗೆ ಒಂದಕ್ಕೊಂದು ಒರಗಿ ನಿಂತಿರುತ್ತವೆ. ಮನೆ ಕಟ್ಟುವವರು ಬಂದು, ಬೆರಳಲ್ಲಿ ತಟ್ಟಿ, ಅಳತೆ ಹಿಡಿದು, ತಮಗೆ ಬೇಕಾದ್ದನ್ನು ಗೂಡ್ಸ್ ಆಟೋಗೆ ಹೇರಿಸಿಕೊಂಡು ಹೋಗುತ್ತಾರೆ.

ತಿಮ್ಮರಾಯಪ್ಪನಿಗೆ ಈಗ ಐವತ್ತೇಳು. ಅವನ ಅಪ್ಪ ಇದೇ ಉತ್ತರಹಳ್ಳಿಯಲ್ಲಿ ರಾಗಿ, ಅವರೆ ಬೆಳೆದವನು. ಹೊಲ ಲೇಔಟ್ ಆದ ಮೇಲೆ ಮಗ ಮನೆ ಕೆಡವುವ ಗುಂಪಿನ ಜೊತೆ ಹಾರೆ ಹಿಡಿದು ಹೋಗತೊಡಗಿದ. ಗೋಡೆಯನ್ನು ಯಾರು ಬೇಕಾದರೂ ಬೀಳಿಸುತ್ತಾರೆ, ಬಾಗಿಲನ್ನು ಚೌಕಟ್ಟು ಸಮೇತ ಒಂದು ಗೀರೂ ಬೀಳದ ಹಾಗೆ ಬಿಡಿಸುವುದು ಮಾತ್ರ ಎಲ್ಲರ ಕೈಲಾಗುವುದಿಲ್ಲ ಎಂಬುದು ಅವನಿಗೆ ಬೇಗ ತಿಳಿಯಿತು. ಮೂವತ್ತು ವರ್ಷದಿಂದ ಅದೇ ಕೆಲಸ. ಮರವನ್ನು ಉಗುರಿನಲ್ಲಿ ಕೆರೆದು ಮೂಸಿದರೆ ಸಾಕು, ಇದು ತೇಗ, ಇದು ಹೊನ್ನೆ, ಇದು ಮತ್ತಿ ಎಂದು ಹೇಳುತ್ತಿದ್ದ. ಗಿರಾಕಿ ಕೇಳದಿದ್ದರೂ ಹೇಳುತ್ತಿದ್ದ. ಮಾತು ಅವನಿಗೆ ಅಷ್ಟು ಇಷ್ಟ.

ಹೋದ ವರ್ಷ ಮಾಘ ಕಳೆದ ಮೇಲೆ ಯಡಿಯೂರು ಕೆರೆಯ ಹಿಂದಿನ ಬೀದಿಯಲ್ಲಿ ಒಂದು ಮನೆ ಕೆಡವುವಾಗ ಅವನ ಬಲಗಾಲಿಗೆ ಮೊಳೆ ಚುಚ್ಚಿತು. ಹವಾಯಿ ಚಪ್ಪಲಿ ದಾಟಿ ಪಾದದೊಳಕ್ಕೆ ಅರ್ಧ ಬೆರಳಷ್ಟು ಇಳಿದಿತ್ತು. ಜೊತೆಗೆ ಕೆಲಸ ಮಾಡುವ ಚನ್ನವೀರ ಇಕ್ಕಳದಲ್ಲಿ ಎಳೆದು ತೆಗೆದ.

"ಅಣ್ಣ, ಒಂದು ಟಿಟಿ ಇಂಜೆಕ್ಷನ್ ಹಾಕಿಸ್ಕೊಂಡ್ ಬಂದ್ಬಿಡಿ, ಅಲ್ಲೇ ಕ್ಲಿನಿಕ್ಕಿದೆ."

"ಮೂವತ್ತು ವರ್ಷದಲ್ಲಿ ನಂಗೆ ಎಷ್ಟು ಮೊಳೆ ಚುಚ್ಚಿದೆ ಗೊತ್ತೇನೋ? ಪ್ರತಿ ಸಲಾನೂ ಹೋಗಿದ್ರೆ ಆ ಡಾಕ್ಟ್ರು ಮೂರು ಮಹಡಿ ಎಬ್ಬಿಸ್ತಿದ್ದ" ಎಂದ ತಿಮ್ಮರಾಯಪ್ಪ. ಗಾಯಕ್ಕೆ ಅರಿಸಿನ ಮೆತ್ತಿಕೊಂಡು, ಬಟ್ಟೆ ಸುತ್ತಿ, ಅದೇ ಕಾಲಲ್ಲಿ ಎರಡು ಚೌಕಟ್ಟು ಹೊತ್ತು ಇಳಿಸಿದ.

ಒಂಬತ್ತನೇ ದಿನ ಚಕ್ಕುಲಿ ಕಡಿಯಲು ಹೋದರೆ ಬಾಯಿ ತೆರೆಯಲಿಲ್ಲ. ಹತ್ತನೇ ದಿನ ಕತ್ತು ಹಲಗೆಯಾಯಿತು. ಹೆಂಡತಿ ಇಂದ್ರಾಣಿ ದಿಂಬು ಸರಿಯಿಲ್ಲವೆಂದು ದಿಂಬು ಬದಲಿಸಿದಳು. ಹನ್ನೊಂದನೇ ದಿನ ಮಗಳು ವಿಭಾ ಕುಕ್ಕರ್ ಮುಚ್ಚಳವನ್ನು ಕೈತಪ್ಪಿ ಬೀಳಿಸಿದಳು. ಆ ಸದ್ದಿಗೆ ತಿಮ್ಮರಾಯಪ್ಪನ ಬೆನ್ನು ಬಿಲ್ಲಿನಂತೆ ಬಾಗಿತು, ಕುರ್ಚಿಯಿಂದ ನೆಲಕ್ಕೆ ಜಾರಿದ. ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಾಗ ಅಲ್ಲಿನ ಡಾಕ್ಟರ್ ಪ್ರೇರಣಾ ಅವನ ಮುಖ ನೋಡುತ್ತಲೇ ಎಲ್ಲಾದರೂ ಗಾಯವಾಗಿತ್ತಾ ಎಂದು ಕೇಳಿದರು. ಇಂದ್ರಾಣಿ ಕಾಲು ತೋರಿಸಿದಳು. ಧನುರ್ವಾಯು.

ಇಪ್ಪತ್ತೇಳು ದಿನ ಆಸ್ಪತ್ರೆಯಲ್ಲಿದ್ದ. ಅದರಲ್ಲಿ ಹನ್ನೊಂದು ದಿನ ಗಂಟಲಲ್ಲಿ ಕೊಳವೆ. ಬೆಳಕು, ಸದ್ದು ಯಾವುದೂ ತಾಕಬಾರದೆಂದು ಕಿಟಕಿಗಳಿಗೆಲ್ಲ ಕಪ್ಪು ಪರದೆ ಬಿಟ್ಟಿದ್ದ ಕೋಣೆ. ಅಲ್ಲಿ ಅವನಿಗೆ ದಿನವೂ ಇಲ್ಲ, ವಾರವೂ ಇಲ್ಲ. ನಿದ್ದೆಯ ಔಷಧಿಯ ಮಂಪರಿನಲ್ಲಿ ತಾನು ಕೆಡವಿದ ಮನೆಗಳೆಲ್ಲ ಬಾಗಿಲಿಲ್ಲದೆ ನಿಂತಿರುವುದು ಕಾಣುತ್ತಿತ್ತು. ಒಳಗೆ ಯಾರೋ ಇದ್ದಾರೆ, ಅವರಿಗೆ ಹೊರಗೆ ಬರಲು ದಾರಿಯಿಲ್ಲ ಎನಿಸುತ್ತಿತ್ತು. ಬಾಗಿಲಿಲ್ಲದ ಮನೆಯಿಂದ ಹೊರಬರಲು ಅಡ್ಡಿಯೇನು ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಆಗ ಇರಲಿಲ್ಲ.

ಅಂತೂ ಬದುಕಿದ. ಮನೆಗೆ ಹೊರಡುವ ದಿನ ಒಂದು ಲಸಿಕೆ ಹಾಕಿ, ಇನ್ನೊಂದಕ್ಕೆ ನಾಲ್ಕು ವಾರ ಬಿಟ್ಟು ಬರಬೇಕು, ಮೂರನೆಯದಕ್ಕೆ ಆರು ತಿಂಗಳ ನಂತರ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ವಿಭಾ ಜಯನಗರ ನಾಲ್ಕನೇ ಬ್ಲಾಕಿನ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳು, ಅಚ್ಚುಕಟ್ಟು. ತಾರೀಖನ್ನು ಫೋನಿನಲ್ಲಿ ಗುರುತು ಹಾಕಿಕೊಂಡಳು. ತಾರೀಖು ಬಂದಾಗ ಅಪ್ಪನಿಗೆ ನೆನಪೂ ಮಾಡಿದಳು.

"ಯಾವುದಕ್ಕಮ್ಮ ಅದು?" ಎಂದ ತಿಮ್ಮರಾಯಪ್ಪ. "ಮೈಮೇಲೆ ಅಮ್ಮ ಎದ್ದು ಹೋದ್ಮೇಲೆ ಇನ್ನೊಂದು ಸಲ ಅಮ್ಮ ಬರುತ್ತಾ? ನಂಗೆ ಬಂದು ಹೋಗಿದೆ. ಬಂದು ಹೋದವನಿಗೆ ಸೂಜಿ ಯಾಕೆ?"

ಸಿಡುಬು, ದಡಾರಗಳ ಲೆಕ್ಕವನ್ನು ಅವನು ಇದಕ್ಕೂ ಹಿಡಿದಿದ್ದ. ಕೇಳಿದರೆ ಸರಿಯೆನ್ನಿಸುವ ಮಾತೇ. ಇಂದ್ರಾಣಿಗೂ ಹೌದಲ್ಲ ಎನಿಸಿತು. ಆಸ್ಪತ್ರೆಯ ವಾಸನೆ ಕಂಡರೆ ಅವಳಿಗೂ ಸಾಕಾಗಿತ್ತು. ಮುಂದಿನ ವಾರ ಹೋದರಾಯಿತು ಎಂದು ಆ ಮಾತು ಅಲ್ಲಿಗೆ ನಿಂತಿತು.

ಹಾಗೆಂದು ತಿಮ್ಮರಾಯಪ್ಪ ನೆಮ್ಮದಿಯಿಂದಿದ್ದ ಎಂದಲ್ಲ. ಬೆಳಿಗ್ಗೆ ಎದ್ದವನೇ ಬಚ್ಚಲಿನ ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು, ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ತೂರಿಸುತ್ತಿದ್ದ. ವ್ಯಾಯಾಮ ಹೇಳಿಕೊಡುವವರು ಆಸ್ಪತ್ರೆಯಲ್ಲಿ ಕಲಿಸಿದ್ದು. ಮೂರು ಬೆರಳು ಹಿಡಿದರೆ ದವಡೆ ಸರಿಯಿದೆ ಎಂದು ಅರ್ಥ. ದಿನಕ್ಕೊಂದು ಸಲ ನೋಡಿಕೊಂಡರೆ ಸಾಕು ಎಂದಿದ್ದರು. ಅವನು ಅಂಗಡಿಯಲ್ಲಿ, ಬಸ್ಸಿನಲ್ಲಿ, ಗಿರಾಕಿ ಆ ಕಡೆ ತಿರುಗಿದಾಗ, ಎಲ್ಲೆಂದರಲ್ಲಿ ಬಾಯಿಗೆ ಬೆರಳಿಡುತ್ತಿದ್ದ.

ಬಂದು ಹೋದ ಕಾಯಿಲೆ ಮತ್ತೆ ಬರುವುದಿಲ್ಲ ಎಂದು ಮಗಳ ಹತ್ತಿರ ವಾದಿಸಿದವನೇ ಅದಕ್ಕೂ ಮುಂಚೆ, ಅದು ಮತ್ತೆ ಬಂತು ಎಂದು ಎರಡು ಸಲ ಆಸ್ಪತ್ರೆಗೆ ಓಡಿದ್ದ. ಎರಡನ್ನೂ ಒಂದೇ ತಲೆಯಲ್ಲಿ ಹೇಗೆ ಇಟ್ಟುಕೊಂಡಿದ್ದನೋ ಅವನಿಗೇ ಗೊತ್ತು.

ಮೊದಲನೇ ಸಲ ಮನೆಗೆ ಬಂದ ಹನ್ನೆರಡನೇ ದಿನ. ಆಕಳಿಸುವಾಗ ಕಿವಿಯ ಹತ್ತಿರ ಲಟಕ್ಕೆಂದಿತು. ಡಾಕ್ಟರ್ ಪ್ರೇರಣಾ ಒಂದು ಮರದ ಕಡ್ಡಿಯನ್ನು ಅವನ ಬಾಯೊಳಗೆ ಹಾಕಿ, ಗಂಟಲ ಹಿಂಭಾಗವನ್ನು ಮುಟ್ಟಿದರು. ಅವನಿಗೆ ವ್ಯಾಕ್ ಎಂದು ಹೊಟ್ಟೆ ತೊಳಸಿತು.

"ಒಳ್ಳೇದು. ಎಲ್ಲರಿಗೂ ಹೀಗೇ ಆಗಬೇಕು. ಧನುರ್ವಾಯು ಇದ್ದಿದ್ರೆ ನೀವು ಈ ಕಡ್ಡೀನ ಕಚ್ಚಿಕೊಂಡುಬಿಡ್ತಿದ್ರಿ" ಎಂದರು.

ಎರಡನೇ ಸಲ ಆಮೇಲೆ ಒಂದು ವಾರಕ್ಕೆ. ಕಾಲಿನ ಮೀನಖಂಡ ಹಿಡಿದುಕೊಂಡಿತ್ತು. ಮತ್ತೆ ಕಡ್ಡಿ, ಮತ್ತೆ ವ್ಯಾಕ್. ಈ ಸಲ ಬೇರೆ ಡಾಕ್ಟರಿದ್ದರು. ಅವರು ಇಂದ್ರಾಣಿಯನ್ನು ಪಕ್ಕಕ್ಕೆ ಕರೆದು, ಇಷ್ಟು ದೊಡ್ಡ ಕಾಯಿಲೆಯಿಂದ ಎದ್ದವರಿಗೆ ಹೀಗೆ ಹೆದರಿಕೆ ಉಳಿಯುತ್ತದೆ, ಸ್ವಲ್ಪ ದಿನದಲ್ಲಿ ಹೋಗುತ್ತದೆ ಎಂದು ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದು ಅವನಿಗೂ ಕೇಳಿಸಿತು. ಮನೆಗೆ ಬರುವ ದಾರಿಯುದ್ದಕ್ಕೂ ಆಟೋದಲ್ಲಿ ಹೊರಗೆ ನೋಡುತ್ತ ಕುಳಿತಿದ್ದ.

"ಬೇಜಾರ್ ಮಾಡ್ಕೋಬೇಡಿ. ಮನಸ್ಸಿಗೆ ಹಚ್ಕೊಂಡಿದ್ದೀರಾ ಅಷ್ಟೇ" ಎಂದಳು ಇಂದ್ರಾಣಿ.

"ನಂಗೆ ಹುಚ್ಚು ಅಂತ ಹೇಳಿದ್ರೇನೇ ಅವ್ರು?"

"ಅಯ್ಯೋ, ಹೆದರಿಕೆ ಅಂದ್ರು. ಹೆದರಿಕೆಗೂ ಹುಚ್ಚಿಗೂ ಏನ್ ಸಂಬಂಧ?"

ಅಂದಿನಿಂದ ಅವನು ತನ್ನ ಮೈಯನ್ನು ನಂಬುವುದನ್ನು ಬಿಟ್ಟ. ಎಲ್ಲಾದರೂ ಬಿಗಿ ಎನಿಸಿದರೆ, ಇದು ಹೆದರಿಕೆ ಎಂದು ತನಗೇ ಹೇಳಿಕೊಂಡು ಸುಮ್ಮನಾಗುವುದನ್ನು ಅಭ್ಯಾಸ ಮಾಡಿಕೊಂಡ. ಅಂಗಡಿಗೆ ಹೋಗತೊಡಗಿದ. ಕಾಲಿಗೆ ಚುಚ್ಚಿದ ಮೊಳೆಯನ್ನು ಚನ್ನವೀರ ಎತ್ತಿಟ್ಟಿದ್ದ. ಅದನ್ನು ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು ಗಿರಾಕಿಗಳಿಗೆ ತೋರಿಸುತ್ತಿದ್ದ. "ನೋಡಿ ಸಾರ್, ಇಷ್ಟೇ ಇರೋದು. ಇಪ್ಪತ್ತೇಳು ದಿನ ಮಲಗಿಸಿಬಿಡ್ತು." ಪಾದದ ಗಾಯ ಮಾಗಿ ಗುರುತೂ ಉಳಿದಿರಲಿಲ್ಲ. ಗಿರಾಕಿಗಳು ಮೊಳೆಯನ್ನು ನೋಡಿ ತಮ್ಮ ಚಪ್ಪಲಿಗಳನ್ನು ನೋಡಿಕೊಳ್ಳುತ್ತಿದ್ದರು.

ಮನೆಗೆ ಬಂದು ಆರನೇ ವಾರ. ಒಂದು ಮಂಗಳವಾರ ಮಧ್ಯಾಹ್ನ ಅವನು ಊಟಕ್ಕೆ ಕುಳಿತಾಗ ಮುದ್ದೆಯ ತುತ್ತು ಗಂಟಲಲ್ಲಿ ನಿಂತಿತು. ಮುದ್ದೆಯನ್ನು ಅವನು ಹುಟ್ಟಿದಾಗಿನಿಂದ ನುಂಗಿದವನು, ಅದನ್ನು ನುಂಗುವುದಕ್ಕೆ ಯೋಚನೆಯೇ ಬೇಡ. ಈಗ ಯೋಚಿಸಬೇಕಾಯಿತು. ಸಾರು ಕುಡಿದು ಇಳಿಸಿದ. ಎರಡನೇ ತುತ್ತು ಸಲೀಸಾಗಿ ಹೋಯಿತು. ಮೂರನೆಯದು ಮತ್ತೆ ನಿಂತಿತು.

"ಮುದ್ದೆ ಗಟ್ಟಿಯಾಯ್ತಾ?" ಇಂದ್ರಾಣಿ ಕೇಳಿದಳು.

"ಹೂಂ, ಸ್ವಲ್ಪ" ಎಂದ.

ಅವಳು ತನ್ನ ತಟ್ಟೆಯ ಮುದ್ದೆಯನ್ನು ಒತ್ತಿ ನೋಡಿದಳು. ಮೆತ್ತಗೇ ಇತ್ತು.

ಮಾರನೇ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ ಎರಡು ಬೆರಳು ಹೋದವು, ಮೂರನೆಯದು ಹಲ್ಲಿಗೆ ತಾಗಿತು. ಒತ್ತಿದ. ಹೋಯಿತೋ, ಬೆರಳಿನ ಚರ್ಮ ಮಡಚಿಕೊಂಡಿತೋ ತಿಳಿಯಲಿಲ್ಲ. ಎಡಗೈಯ ಬೆರಳುಗಳಲ್ಲಿ ನೋಡಿದ. ಅವು ಸಣ್ಣವು, ಹೋದವು. ಹಾಗಾದರೆ ಸರಿಯಿದೆಯಾ? ನಿನ್ನೆ ಅಂಗಡಿಯಲ್ಲಿ ಸುತ್ತಿಗೆ ಹಿಡಿದು ಬಲಗೈ ಬೆರಳು ಊದಿಕೊಂಡಿರಬಹುದಾ? ಅಂಗಡಿಗೆ ಬಂದು ಅಳತೆ ಪಟ್ಟಿ ತೆಗೆದು ಎರಡು ಕೈಯ ಬೆರಳುಗಳನ್ನೂ ಅಳೆದ. ಒಂದು ಕೂದಲಿನಷ್ಟು ವ್ಯತ್ಯಾಸ ಇತ್ತು. ಅದು ಮೊದಲಿನಿಂದಲೂ ಇದ್ದದ್ದೋ, ಈಗ ಆದದ್ದೋ? ಮೊದಲು ಯಾವತ್ತೂ ಅಳೆದಿರಲಿಲ್ಲ. ಐದಡಿ ಬಾಗಿಲನ್ನು ಕಣ್ಣಲ್ಲೇ ಅಳೆಯುವ ಮನುಷ್ಯ ತನ್ನ ಬಾಯಿಯ ಅಳತೆ ಸಿಗದೆ ಒದ್ದಾಡಿದ.

"ಏನಣ್ಣ ಹುಡುಕ್ತಿದ್ದೀರಾ?" ಎಂದ ಚನ್ನವೀರ.

"ಏನಿಲ್ಲ. ನನ್ನ ಮಾತು ನಿಂಗೆ ಸರಿಯಾಗಿ ಕೇಳ್ತಿದೆಯೇನೋ?"

"ಕೇಳ್ತಿದೆ. ಯಾಕೆ?"

"ಹಲ್ಲು ಕಚ್ಕೊಂಡು ಮಾತಾಡ್ದಂಗೆ ಇಲ್ವಾ?"

ಚನ್ನವೀರ ಯೋಚಿಸಿದ. ಯಜಮಾನನಿಗೆ ಹೆದರಿಕೆಯ ಕಾಯಿಲೆ, ಧೈರ್ಯ ಹೇಳಬೇಕು ಎಂದು ಇಂದ್ರಾಣಿ ಅವನಿಗೆ ಹೇಳಿಟ್ಟಿದ್ದಳು. "ಏನೂ ಇಲ್ಲಣ್ಣ, ಚೆನ್ನಾಗೇ ಮಾತಾಡ್ತಿದ್ದೀರಾ" ಎಂದ. ಹಾಗೆಂದವನು ಆಮೇಲೆ ಎಷ್ಟೋ ದಿನ ಆ ಮಾತಿಗೆ ತನ್ನನ್ನೇ ಬೈದುಕೊಂಡ.

ಬುಧವಾರ, ಗುರುವಾರ ಹೀಗೇ ಕಳೆಯಿತು. ಬೆಳಿಗ್ಗೆ ಬಿಗಿ, ಮಧ್ಯಾಹ್ನ ಸಡಿಲ, ಸಂಜೆ ಮತ್ತೆ ಬಿಗಿ. ಕಾಯಿಲೆಯಾದರೆ ಒಂದೇ ಸಮನೆ ಏರಬೇಕಲ್ಲ ಎಂದುಕೊಂಡ. ಹಿಂದಿನ ಸಲ ಹೇಗಿತ್ತು ಎಂದು ನೆನಪಿಸಿಕೊಳ್ಳಲು ಹೋದರೆ ಕಪ್ಪು ಪರದೆಯ ಆಚೆಗೆ ಏನೂ ಸಿಗುತ್ತಿರಲಿಲ್ಲ. ಇಂದ್ರಾಣಿಯನ್ನು ಕೇಳಬಹುದಿತ್ತು. ಕೇಳಿದರೆ ಅವಳ ಮುಖದಲ್ಲಿ ಆ ಡಾಕ್ಟರ ಮೆಲುದನಿ ಕಾಣಿಸುತ್ತದೆ ಎಂದು ಕೇಳಲಿಲ್ಲ. ಗುರುವಾರ ಉತ್ತರಹಳ್ಳಿಯಲ್ಲೇ ಒಂದು ಸಣ್ಣ ಕ್ಲಿನಿಕ್ಕಿಗೆ ಒಬ್ಬನೇ ಹೋಗಿ, ಗಂಟಲು ನೋವು ಎಂದಷ್ಟೇ ಹೇಳಿದ. ಧನುರ್ವಾಯುವಿನ ಹೆಸರೆತ್ತಲು ನಾಚಿಕೆಯಾಯಿತು. ಅವರು ಗಂಟಲು ನೋವಿಗೆ ಏನು ಕೊಡಬೇಕೋ ಅದನ್ನು ಕೊಟ್ಟು ಕಳಿಸಿದರು.

ಶುಕ್ರವಾರ ವಿಭಾ ಕೆಲಸಕ್ಕೆ ಹೊರಡುವ ಮೊದಲು ತಿಂಡಿಗೆ ಕುಳಿತಿದ್ದಳು. ಎದುರಿಗೆ ಅಪ್ಪ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದ. ಅಂಗಡಿಯಲ್ಲಿ ದಿನವಿಡೀ ಬೇರೆಯವರ ಮುಖಕ್ಕೆ ಕನ್ನಡಕ ಹೊಂದಿಸುವವಳು ಅವಳು, ಮುಖ ನೋಡುವುದೇ ಅವಳ ಕೆಲಸ.

"ಯಾಕಪ್ಪ ನಗ್ತಿದ್ದೀಯಾ?" ಎಂದಳು.

"ನಾನಾ? ನಾನೆಲ್ಲಮ್ಮ ನಕ್ಕೆ?"

"ನಗ್ತಿದ್ದೀಯಲ್ಲ. ಏನ್ ವಿಷಯ, ಹೇಳು."

ತಿಮ್ಮರಾಯಪ್ಪ ಕೈಯಿಂದ ತುಟಿಯ ಅಂಚನ್ನು ಮುಟ್ಟಿ ನೋಡಿಕೊಂಡ. ಎರಡೂ ಕಡೆ ತುಟಿ ಮೇಲಕ್ಕೆ ಎಳೆದು ನಿಂತಿತ್ತು. ಅವನು ನಗುತ್ತಿರಲಿಲ್ಲ. ಅವನು ಅಳುವ ಹಾಗಿದ್ದ. ಹುಬ್ಬು ಮೇಲೇರಿ, ಕಣ್ಣು ಕಿರಿದಾಗಿ, ಹಲ್ಲು ಕಾಣುತ್ತಿತ್ತು. ಹಿಂದಿನ ಸಲ ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರ್ ಪ್ರೇರಣಾ ಇದೇ ಮುಖವನ್ನು ನೋಡಿ ಗಾಯದ ವಿಷಯ ಕೇಳಿದ್ದರು ಎಂಬುದು ವಿಭಾಗೆ ಹೊಳೆದು ಅವಳ ಕೈಯ ಚಮಚ ನಿಂತಿತು. ಅಂದಿನ ಕುಕ್ಕರ್ ಮುಚ್ಚಳ ನೆನಪಾಯಿತೋ ಏನೋ, ಚಮಚವನ್ನು ಸದ್ದಾಗದಂತೆ ತಟ್ಟೆಯಲ್ಲಿಟ್ಟಳು.

"ಅಮ್ಮಾ, ಬಾ ಇಲ್ಲಿ. ಮೆಲ್ಲಗೆ ಬಾ" ಎಂದಳು.

ಇಂದ್ರಾಣಿ ಬಂದು ಗಂಡನ ಮುಖ ನೋಡಿದಳು. "ಮತ್ತೆ ಹೆದರ್ಕೊಂಡ್ರಾ?" ಎಂದು ಶುರುಮಾಡಿದವಳು ಅರ್ಧಕ್ಕೇ ನಿಲ್ಲಿಸಿದಳು.

"ಗೊತ್ತಿಲ್ಲ ಕಣೇ. ಹೆದರಿಕೆ ಅನ್ಕೊಂಡು ಸುಮ್ನಿದ್ದೆ. ಮೂರು ದಿನ ಆಯ್ತು. ನಿಜಾನೋ ಸುಳ್ಳೋ ನಂಗೇ ಗೊತ್ತಾಗ್ತಿಲ್ಲ." ಹಲ್ಲುಗಳ ಸಂದಿಯಿಂದ ಮಾತು ಸೋರುತ್ತಿತ್ತು.

ಆಸ್ಪತ್ರೆಯಲ್ಲಿ ಅದೃಷ್ಟಕ್ಕೆ ಡಾಕ್ಟರ್ ಪ್ರೇರಣಾ ಅವರೇ ಇದ್ದರು. ತುರ್ತು ವಿಭಾಗದಲ್ಲಿದ್ದ ಒಬ್ಬ ಕಿರಿಯ ಡಾಕ್ಟರು, "ಮೇಡಂ, ಇವರು ಎರಡು ಸಲ ಸುಮ್ನೆ ಬಂದು ಹೋಗಿದ್ದಾರೆ. ಧನುರ್ವಾಯು ವಾಸಿಯಾಗಿ ಮನೆಗೆ ಹೋಗಿ ಎರಡು ತಿಂಗಳೂ ಆಗಿಲ್ಲ" ಎಂದರು. ಪ್ರೇರಣಾ ಮರದ ಕಡ್ಡಿಯನ್ನು ತೆಗೆದುಕೊಂಡರು. ತಿಮ್ಮರಾಯಪ್ಪನಿಗೆ ಈ ಕಡ್ಡಿ ಗೊತ್ತು. ವ್ಯಾಕ್ ಎಂದುಬಿಟ್ಟರೆ ಸಾಕು, ಇನ್ನು ಯಾವತ್ತೂ ಇಲ್ಲಿಗೆ ಬರುವುದಿಲ್ಲ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಜೊತೆಗೇ, ಏನೂ ಇಲ್ಲ ಎಂದುಬಿಟ್ಟರೆ ನನಗೆ ನಿಜವಾಗಿ ಬುದ್ಧಿ ಕೆಟ್ಟಿದೆ ಎಂದಾಗುತ್ತದೆ ಎಂದೂ ಅನ್ನಿಸಿತು. ಯಾವುದನ್ನು ಬಯಸಬೇಕೆಂದು ತಿಳಿಯಲಿಲ್ಲ.

ಕಡ್ಡಿ ಗಂಟಲಿಗೆ ತಾಗಿತು. ಅವನ ಹಲ್ಲುಗಳು ಅವನನ್ನು ಕೇಳದೆ ಮುಚ್ಚಿಕೊಂಡವು. ಕಡ್ಡಿ ಪಟ್ಟೆಂದು ಮುರಿಯಿತು. ಡಾಕ್ಟರು ಉಳಿದ ತುಂಡನ್ನು ಎಳೆದರೂ ಬಾಯಿ ಬಿಡಲಿಲ್ಲ.

"ಇದು ಹೆದರಿಕೆ ಅಲ್ಲ" ಎಂದರು ಪ್ರೇರಣಾ. ಅವರ ದನಿಯಲ್ಲೂ ಗೊಂದಲವಿತ್ತು. "ಮತ್ತೆ ಬಂದಿದೆ. ಯಾಕೆ ಬಂತು ಅಂತ ನೋಡಬೇಕು."

ತಿಮ್ಮರಾಯಪ್ಪನ ಕಣ್ಣಲ್ಲಿ ನೀರಿಳಿಯಿತು. ತಾನು ಹುಚ್ಚನಲ್ಲ ಎಂಬ ಸಮಾಧಾನ ಅದರಲ್ಲಿತ್ತೋ, ಮತ್ತೆ ಆ ಕಪ್ಪು ಕೋಣೆ ಎಂಬ ದಿಗಿಲಿತ್ತೋ, ಅವನಿಗೂ ಹೇಳಲು ಬರುವುದಿಲ್ಲ.

ಮತ್ತೆ ಪರದೆ, ಮತ್ತೆ ಮಂಪರು. ಈ ಸಲ ಬೇಗ ಬಂದಿದ್ದರಿಂದ ಗಂಟಲಿಗೆ ಕೊಳವೆ ಬೇಕಾಗಲಿಲ್ಲ. ಆದರೆ ತಲೆ ಮಾತ್ರ ಹಿಂದಿನ ಸಲಕ್ಕಿಂತ ಹೆಚ್ಚು ಕಲಸಿಹೋಯಿತು. ಎಚ್ಚರವಾದಾಗಲೆಲ್ಲ, ತಾನು ಮನೆಗೆ ಹೋಗಿಯೇ ಇರಲಿಲ್ಲ, ಮೊದಲಿನಿಂದಲೂ ಇಲ್ಲೇ ಇದ್ದೇನೆ ಎನ್ನಿಸುತ್ತಿತ್ತು. ಆರು ವಾರ ಅಂಗಡಿ, ಮೊಳೆಯ ಡಬ್ಬಿ, ಮುದ್ದೆ, ಮಗಳ ಪ್ರಶ್ನೆ, ಎಲ್ಲ ಔಷಧಿ ತೋರಿಸಿದ ಚಿತ್ರ. ಒಮ್ಮೆ ಇಂದ್ರಾಣಿಯ ಕೈ ಹಿಡಿದು, "ನಂಗೆ ಯಾವಾಗ ಬಿಡ್ತಾರೆ? ತಿಂಗಳಾಯ್ತಲ್ಲ" ಎಂದ.

"ಮೊನ್ನೆ ತಾನೇ ಬಂದಿದ್ದು. ಇವತ್ತು ಮೂರನೇ ದಿನ" ಎಂದು ಅವಳು ಕಿವಿಯಲ್ಲಿ ಹೇಳಿದಳು. ಆ ಕೋಣೆಯಲ್ಲಿ ಎಲ್ಲರೂ ಪಿಸುಮಾತೇ.

"ಸುಳ್ಳು ಹೇಳ್ಬೇಡ. ಚನ್ನವೀರ ಮೊಳೆ ಕಿತ್ತು ಎಷ್ಟು ದಿನ ಆಯ್ತು?"

ಇಂದ್ರಾಣಿಗೆ ಯಾವ ಲೆಕ್ಕ ಹೇಳಬೇಕೆಂದು ಗೊತ್ತಾಗಲಿಲ್ಲ. ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಅಷ್ಟರಲ್ಲಿ ಡಾಕ್ಟರ್ ಪ್ರೇರಣಾ ಅಲ್ಲಿಗೆ ಬಂದರು. ಪಾದದ ಹಳೆಯ ಗಾಯವನ್ನು ಸ್ಕ್ಯಾನ್ ಮಾಡಿಸಿದ್ದರು. ಅಲ್ಲಿ ಏನೂ ಇರಲಿಲ್ಲ.

"ವಿಷ ಎಲ್ಲಿಂದಲೋ ಇನ್ನೂ ಬರ್ತಿದೆ. ಯೋಚನೆ ಮಾಡಿ ಇಂದ್ರಾಣಿಯವರೇ. ಮೈ ಮೇಲೆ ಬೇರೆ ಎಲ್ಲಾದರೂ ಗಾಯ, ಕೀವು, ಚುಚ್ಚಿದ್ದು? ಎಷ್ಟು ಹಳೇದಾದರೂ ಪರವಾಗಿಲ್ಲ."

"ಅವರ ಕೆಲಸಾನೇ ಹಂಗೆ ಮೇಡಂ, ಮೈಯೆಲ್ಲ ಗೀರೇ. ಯಾವುದು ಅಂತ ಹೇಳಲಿ?"

"ಊದಿಕೊಂಡಿರೋದು? ಗಂಟು?"

ಇಂದ್ರಾಣಿ ತಲೆಯಾಡಿಸಿದಳು. ಡಾಕ್ಟರು ಹೊರಟರು. ಅವರು ನಾಲ್ಕು ಹೆಜ್ಜೆ ಹೋದ ಮೇಲೆ ಅವಳಿಗೆ ಎಣ್ಣೆಸ್ನಾನ ನೆನಪಾಯಿತು. ಬೆನ್ನಿಗೆ ಎಣ್ಣೆ ತಿಕ್ಕುವಾಗ ಬಲಗಡೆ ರೆಕ್ಕೆಮೂಳೆಯ ಕೆಳಗೆ ಕೈಗೆ ತಾಗುತ್ತಿದ್ದ ಹುಣಿಸೆ ಬೀಜದಷ್ಟು ಗಟ್ಟಿ ಗಂಟು.

"ಮೇಡಂ! ಬೆನ್ನಲ್ಲಿ ಒಂದು ಕೊಬ್ಬಿನ ಗಂಟಿದೆ. ಅದು ನೋಯಲ್ಲ. ಎಷ್ಟು ದಿನದಿಂದ ಇದೆ ಅಂತ… ಯುಗಾದಿಗೆ ಮುಂಚೆ ಇತ್ತಾ, ಆಮೇಲಾ… ನಂಗೆ ಸರಿಯಾಗಿ ನೆನಪಿಲ್ಲ."

ಅದು ಕೊಬ್ಬಿನ ಗಂಟಲ್ಲ. ಸ್ಕ್ಯಾನ್ ಮಾಡಿದಾಗ ಒಳಗೆ ಏನೋ ಉದ್ದಕ್ಕೆ ಕಂಡಿತು. ಮಾರನೇ ದಿನ ಕುಯ್ದು ತೆಗೆದರು. ಒಂದೂಕಾಲು ಅಂಗುಲದ ಮರದ ಸಿಬಿರು, ಸುತ್ತ ಒಂದಿಷ್ಟು ಕೀವು. ಮೇಲಿನ ಚರ್ಮ ಎಂದೋ ಕೂಡಿಕೊಂಡು, ಚೌಕಟ್ಟು ಹೊತ್ತವನ ಬೆನ್ನಿನ ನೂರು ಗೀರುಗಳಲ್ಲಿ ಒಂದಾಗಿತ್ತು. ಮೊದಲ ಸಲ ಎಲ್ಲರೂ ಕಾಲಿನ ಮೊಳೆಯನ್ನೇ ನೋಡಿದ್ದರು. ಕಣ್ಣೆದುರು ಅಷ್ಟು ದೊಡ್ಡ ಕಾರಣ ಇರುವಾಗ ಬೆನ್ನಿನ ಗೀರನ್ನು ಯಾರು ಎಣಿಸುತ್ತಾರೆ?

ಹದಿನಾರು ದಿನದ ಮೇಲೆ ಪರದೆ ಸರಿಸಿದರು. ತಿಮ್ಮರಾಯಪ್ಪ ಎದ್ದು ಕುಳಿತು ಗಂಜಿ ಕುಡಿಯುವಂತಾದ. ಒಂದು ಮಧ್ಯಾಹ್ನ ಡಾಕ್ಟರ್ ಪ್ರೇರಣಾ ಒಂದು ಚಿಕ್ಕ ಶೀಷೆಯನ್ನು ತಂದು ಅವನ ಮುಂದಿಟ್ಟು, ಸ್ಟೂಲ್ ಎಳೆದುಕೊಂಡು ಕುಳಿತರು.

"ಇದು ಯಾವಾಗ ಚುಚ್ಚಿತು, ನೆನಪಿದೆಯಾ?"

ಅವನು ಶೀಷೆಯನ್ನು ಬೆಳಕಿಗೆ ಹಿಡಿದ. ಕಪ್ಪಗಾದ ಒಂದು ಕಡ್ಡಿ. ಯಡಿಯೂರಿನ ಮನೆಯ ಚೌಕಟ್ಟೋ, ಅದಕ್ಕಿಂತ ಹಿಂದಿನ ಬನಶಂಕರಿಯ ಕಿಟಕಿಯೋ, ಅಂಗಡಿಯಲ್ಲೇ ಒರಗಿ ಕುಳಿತಾಗ ಹೊಕ್ಕಿದ್ದೋ. "ಇಲ್ಲ ಮೇಡಂ. ಬೆನ್ನಲ್ಲಿ ಏನೋ ಚುರ್ ಅನ್ನೋದು ದಿನಾ ಇರುತ್ತೆ. ಯಾವುದು ಅಂತ ಹೇಳಲಿ?"

"ಯಾವ ಮರ ಅಂತಲಾದರೂ ಹೇಳ್ತೀರಾ? ನೀವು ವಾಸನೇಲೇ ಹೇಳ್ತೀರಂತೆ, ನಿಮ್ಮ ಮಗಳು ಹೇಳಿದಳು."

ಅವನು ಶೀಷೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಮುಚ್ಚಳ ತೆಗೆಯಬಾರದು. ತೆಗೆದಿದ್ದರೂ ಔಷಧಿಯ ವಾಸನೆ ಬಿಟ್ಟು ಬೇರೆ ಬರುತ್ತಿರಲಿಲ್ಲ. "ತೇಗ ಇರಬಹುದು" ಎಂದ. ಮತ್ತೆ ಬೆಳಕಿಗೆ ಹಿಡಿದು, "ಅಲ್ವೇನೋ" ಎಂದ.

"ಹಾಗಾದ್ರೆ ಮೊಳೆ ಮೇಡಂ?" ಎಂದು ಇಂದ್ರಾಣಿ ಕೇಳಿದಳು. "ಮೊದಲನೇ ಸಲ ಮೊಳೆಯಿಂದ ಅಂದ್ರಿ."

"ಮೊಳೆಯಿಂದಲೂ ಬಂದಿರಬಹುದು. ಆಗಲೇ ಈ ಸಿಬಿರು ಒಳಗಿದ್ದು, ಇದರಿಂದಲೂ ಬಂದಿರಬಹುದು. ನಿಜ ಹೇಳಬೇಕು ಅಂದ್ರೆ ನಮಗೂ ಗೊತ್ತಿಲ್ಲ. ಇಷ್ಟು ಮಾತ್ರ ಗೊತ್ತು. ಹೋದ ಸಲ ನಿಮಗೆ ವಿಷವನ್ನ ತಡೆಯೋ ಇಂಜೆಕ್ಷನ್ ಕೊಟ್ಟಿದ್ವಿ. ಅದರ ಬಲ ಕೆಲವು ವಾರ ಇರುತ್ತೆ, ಆಮೇಲೆ ಕರಗಿಹೋಗುತ್ತೆ. ಅದು ಕರಗಿತು, ಸಿಬಿರು ಒಳಗೇ ಇತ್ತು."

"ಆದ್ರೆ ಒಂದ್ಸಲ ಬಂದು ಹೋಗಿತ್ತಲ್ಲ ಮೇಡಂ" ಎಂದ ತಿಮ್ಮರಾಯಪ್ಪ. ಅವನಿಗೆ ಅರ್ಥವಾಗದೆ ಉಳಿದಿದ್ದು ಅದೊಂದೇ. "ಮೈಗೆ ಅದರ ಪರಿಚಯ ಆಗಿರಲ್ವಾ?"

"ಅದೇ ಈ ಕಾಯಿಲೆಯ ವಿಚಿತ್ರ. ಆಳನ್ನೇ ಬಗ್ಗಿಸಿಬಿಡೋಕೆ ಅದರ ವಿಷ ಎಷ್ಟು ಕಡಿಮೆ ಸಾಕು ಅಂದ್ರೆ, ಮೈಗೆ ಅದನ್ನ ಗುರುತಿಟ್ಟುಕೊಳ್ಳೋಕೆ ಅಷ್ಟು ಸಾಲೋದಿಲ್ಲ. ಎಷ್ಟು ಸಲ ಬಂದ್ರೂ ಮೈಗೆ ಅದು ಹೊಸಬನೇ. ಪರಿಚಯ ಮಾಡಿಸೋದು ಲಸಿಕೆ ಮಾತ್ರ. ಅದಕ್ಕೇ ಮೂರು ಸಲ ಬನ್ನಿ ಅಂದಿದ್ದು."

ತಿಮ್ಮರಾಯಪ್ಪ ಮಗಳ ಕಡೆ ನೋಡಲಿಲ್ಲ. ವಿಭಾ ಕೂಡ, ನಾನು ಅವತ್ತೇ ಹೇಳಲಿಲ್ಲವಾ ಎನ್ನಲಿಲ್ಲ. ಅವಳು ಗಂಜಿಯ ಲೋಟ ತೊಳೆಯಲು ಎದ್ದು ಹೋದಳು. ಅಲ್ಲಿ ನಲ್ಲಿಯ ನೀರು ಬಹಳ ಹೊತ್ತು ಹರಿಯಿತು.

"ಒಂದು ಮಾತು" ಎಂದರು ಪ್ರೇರಣಾ, ಏಳುತ್ತ. "ಆ ಎರಡು ಸಲ ನೀವು ಬಂದಾಗ ನಾವು ಗಂಟಲು ನೋಡಿ ಕಳಿಸಿದ್ವಿ. ಬೆನ್ನು ನೋಡಲಿಲ್ಲ. ನೋಡಬೇಕಿತ್ತು."

ಡಾಕ್ಟರೊಬ್ಬರು ತನ್ನ ಮುಂದೆ ಹೀಗೆ ಹೇಳಬಹುದೆಂದು ಅವನು ಎಣಿಸಿರಲಿಲ್ಲ. "ಪರವಾಗಿಲ್ಲ ಬಿಡಿ ಮೇಡಂ, ನಂಗೂ ಗೊತ್ತಿರಲಿಲ್ಲ" ಎಂದ.

ಮನೆಗೆ ಬಂದ ಮೇಲೆ ಮೈ ಸುಧಾರಿಸಲು ಎರಡು ತಿಂಗಳು ಹಿಡಿಯಿತು. ಈ ಸಲ ವಿಭಾಳ ಫೋನಿನ ಗುರುತು ಬರುವ ಮೊದಲೇ ಅವನು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ. ಎರಡನೇ ಸೂಜಿಯಾಯಿತು. ಈಗ ಮೊನ್ನೆ, ಆರು ತಿಂಗಳಾದ ಮೇಲೆ, ಮೂರನೆಯದೂ ಆಯಿತು. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅವನು ಒಬ್ಬನೇ ಹೋಗಲಿಲ್ಲ. ಇಂದ್ರಾಣಿಯನ್ನೂ ಚನ್ನವೀರನನ್ನೂ ಅವನ ಜೊತೆ ಕೆಲಸ ಮಾಡುವ ಇನ್ನಿಬ್ಬರನ್ನೂ ಗೂಡ್ಸ್ ಆಟೋದಲ್ಲಿ ಹತ್ತಿಸಿಕೊಂಡು ಹೋದ. ಚನ್ನವೀರ ಹದಿನೈದು ಅಡಿ ಮೇಲಿನ ತೊಲೆಯ ಮೇಲೆ ನಡೆಯುವ ಗಂಡಸು. ಸೂಜಿ ಕಂಡು ಮುಖ ತಿರುಗಿಸಿ ಕಣ್ಣು ಮುಚ್ಚಿದ.

ದವಡೆ ಈಗ ಚೆನ್ನಾಗಿದೆ. ಮುದ್ದೆ ಇಳಿಯುತ್ತದೆ. ಅವನು ಮಾತು ಮಾತ್ರ ಸ್ವಲ್ಪ ಕಡಿಮೆ ಮಾಡಿದ್ದಾನೆ. ಗಿರಾಕಿ ಮರದ ಹೆಸರು ಕೇಳಿದರೆ ಮೂಸಿ ನೋಡಿ, ನನಗೆ ಹೊನ್ನೆ ಅನ್ನಿಸುತ್ತೆ, ಯಾವುದಕ್ಕೂ ಇನ್ನೊಬ್ಬರನ್ನು ಕೇಳಿ ಎನ್ನುತ್ತಾನೆ. ಆಸ್ಪತ್ರೆಯ ಕಥೆ ಹೇಳಲು ಕುಳಿತರೆ ಮೊದಲ ಸಲದ್ದೂ ಎರಡನೇ ಸಲದ್ದೂ ಬೆರೆತುಹೋಗುತ್ತವೆ. ಅಂಗಡಿಗೆ ಊಟ ತಂದ ಇಂದ್ರಾಣಿ ಪಕ್ಕದಲ್ಲಿದ್ದರೆ ತಿದ್ದುತ್ತಾಳೆ. ಅವಳೂ ಕೆಲವು ಸಲ ತಪ್ಪುತ್ತಾಳೆ. ಆಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಇರಲಿ ಎಂದು ಮುಂದಕ್ಕೆ ಹೋಗುತ್ತಾರೆ.

ಈ ವಾರ ಜಯನಗರ ಏಳನೇ ಬ್ಲಾಕಿನಲ್ಲಿ ಒಂದು ಮನೆ ಕೆಡವುವುದಿದೆ. ಹತ್ತು ಬಾಗಿಲು, ಹದಿನೆಂಟು ಕಿಟಕಿ. ಕೆಲಸದವರಿಗೆಲ್ಲ ಗಟ್ಟಿ ಅಟ್ಟೆಯ ಬೂಟು ಬಂದಿದೆ. ಚನ್ನವೀರನದು ಒಂದು ಸೈಜು ದೊಡ್ಡದಾಗಿ, ನಡೆದರೆ ಟಪಟಪ ಎನ್ನುತ್ತದೆ. ಬದಲಾಯಿಸಿಕೊಂಡು ಬಾ ಎಂದು ತಿಮ್ಮರಾಯಪ್ಪ ಅವನನ್ನು ಬನಶಂಕರಿಗೆ ಕಳಿಸಿದ್ದಾನೆ.